ಚಿಮಣಿಯ ಹೊಗೆ, ಚಾವಣಿಯ ಹಲಗೆ

ಫಾಲ್ಸ್ ಸೀಲಿಂಗ್‌ಗೆ ಹಾಕುವ ಬಿಳಿ ಹಲಗೆ ನೋಡಿರುತ್ತೀರಿ, ಅಲ್ವಾ? ಅದರ ಒಳಗಿರುವುದು ಜಿಪ್ಸಮ್. ನಮ್ಮ ರೈತರು ಚೌಳು ಭೂಮಿಗೂ ಶೇಂಗಾ ಹೊಲಕ್ಕೂ ಹಾಕುವುದು ಇದನ್ನೇ. ಇದನ್ನು ಗಣಿಯಿಂದ ಅಗೆದು ತರಬಹುದು. ಕಲ್ಲಿದ್ದಲಿನ ಹೊಗೆಯಿಂದಲೂ ತೆಗೆಯಬಹುದು!

ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಉರಿದಾಗ ಅದು ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿ ಏರುತ್ತದೆ, ಆಮ್ಲ ಮಳೆಯಾಗಿ ಇಳಿಯುತ್ತದೆ. ಅದನ್ನು ತಡೆಯಲು ಸುಣ್ಣದಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಹೊಗೆಯ ಮೇಲೆ ಸಿಂಪಡಿಸುತ್ತಾರೆ. ಅನಿಲ ಕ್ಯಾಲ್ಸಿಯಂ ಜೊತೆ ಸೇರುತ್ತದೆ. ಗಾಳಿ ಊದಿದರೆ ಆಮ್ಲಜನಕವೂ ಕೂಡಿಕೊಂಡು ಜಿಪ್ಸಮ್ ಹರಳಾಗಿ ತಳಕ್ಕಿಳಿಯುತ್ತದೆ. ಈ ಹರಳಿನ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನೀರು. ಕಾಯಿಸಿದರೆ ಆ ನೀರಿನ ಮುಕ್ಕಾಲು ಭಾಗ ಹೋಗಿ ಪ್ಲಾಸ್ಟರ್ ಪುಡಿ ಉಳಿಯುತ್ತದೆ. ಮತ್ತೆ ನೀರು ಹಾಕಿದರೆ ಸೂಜಿಯಂಥ ಹರಳುಗಳು ಬೆಳೆದು, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಬೆಂಕಿ ಬಿದ್ದರೆ ಮೊದಲು ಈ ನೀರು ಆವಿಯಾಗಬೇಕು. ಅಲ್ಲಿಯವರೆಗೆ ಹಲಗೆಯ ಹಿಂಬದಿ ಜಾಸ್ತಿ ಕಾಯುವುದಿಲ್ಲ. ಹೊಗೆಯಿಂದ ಬಂದ ಜಿಪ್ಸಮ್‌ಗೂ ಇದೇ ಗುಣ. ಅದು ಕೀಳು ಮಾಲು ಅನ್ನುವುದು ಸುಮ್ನೆ ತಪ್ಪು ತಿಳಿವಳಿಕೆ.

ಡೆನ್ಮಾರ್ಕಿನ ಬಂದರು ಊರು ಕಲುಂಡ್‌ಬೋರ್ಗ್‌ನಲ್ಲಿ 1993ರಿಂದ ಇದೇ ನಡೆಯಿತು. ಆಸ್ನೆಸ್ ವಿದ್ಯುತ್ ಸ್ಥಾವರದ ಜಿಪ್ಸಮ್ ಪಕ್ಕದ ಹಲಗೆ ಕಾರ್ಖಾನೆಗೆ ಹೋಗತೊಡಗಿತು. ಆದರೆ ಕೊಡುಕೊಳ್ಳುವಿಕೆ ಅಲ್ಲಿಗೆ ಹೊಸದಲ್ಲ. ಅಂತರ್ಜಲ ಕಡಿಮೆಯಿದ್ದ ಊರದು. 1961ರಲ್ಲಿ ತೈಲ ಶುದ್ಧೀಕರಣ ಘಟಕಕ್ಕೆಂದು ಟಿಸ್ಸೊ ಸರೋವರದಿಂದ ಕೊಳವೆ ಹಾಕಿದರು. 1972ರಲ್ಲಿ ಆ ಘಟಕದ ಹೆಚ್ಚುವರಿ ಅನಿಲ ಹಲಗೆ ಕಾರ್ಖಾನೆಯ ಒಲೆ ಸೇರಿತು. ಇನ್ಸುಲಿನ್ ತಯಾರಿಸುವ ನೋವೊ ಕಂಪನಿಯ ಕೆಸರು 1976ರಿಂದ ಹೊಲಗಳಿಗೆ ಗೊಬ್ಬರವಾಯಿತು. 1981ರಿಂದ ಸ್ಥಾವರದ ಬಿಸಿ ಊರಿನ ಮನೆಗಳನ್ನು ಬೆಚ್ಚಗಿಟ್ಟಿತು.

ಇದನ್ನೆಲ್ಲ ಯಾವುದೋ ಸರ್ಕಾರ ನಕ್ಷೆ ಬರೆದು ಮಾಡಿಸಿತು ಅಂತ ಹಲವರು ಅಂದುಕೊಳ್ಳುತ್ತಾರೆ. ಇಲ್ಲ. ಒಂದೊಂದು ಕೊಳವೆಯ ಹಿಂದೆಯೂ ಇಬ್ಬರ ಒಪ್ಪಂದ, ಇಬ್ಬರಿಗೂ ಉಳಿಯುವ ದುಡ್ಡು. ಊರು ಚಿಕ್ಕದು, ಮ್ಯಾನೇಜರುಗಳಿಗೆ ಒಬ್ಬರಿಗೊಬ್ಬರ ಪರಿಚಯವಿತ್ತು. ನಂಬಿಕೆ ಇಲ್ಲದಿದ್ದರೆ ಪಕ್ಕದವನ ತ್ಯಾಜ್ಯವನ್ನು ನೆಚ್ಚಿ ಕಾರ್ಖಾನೆ ನಡೆಸುವವರು ಯಾರು? ದೂರವೂ ಮುಖ್ಯ. ಜಿಪ್ಸಮ್ಮನ್ನು ಲಾರಿಗೆ ತುಂಬಿ ಕಳಿಸಬಹುದು, ಹಬೆಯನ್ನು ಆಗದು. ಕೊಳವೆ ಉದ್ದವಾದಷ್ಟೂ ಅದು ತಣ್ಣಗಾಗುತ್ತದೆ.

ಜನರಲ್ ಮೋಟಾರ್ಸ್‌ನ ಸಂಶೋಧಕರಾದ ಫ್ರಾಶ್ ಮತ್ತು ಗ್ಯಾಲೊಪೌಲೊಸ್ 1989ರಲ್ಲಿ ಒಂದು ಲೇಖನ ಬರೆದರು. ಕಾಡಿನಲ್ಲಿ ಒಂದರ ಉಳಿಕೆ ಇನ್ನೊಂದರ ಆಹಾರವಾಗುವಂತೆ ಕಾರ್ಖಾನೆಗಳೂ ನಡೆಯಬೇಕು ಎಂಬುದು ಅವರ ಮಾತು. ಕಲುಂಡ್‌ಬೋರ್ಗ್‌ನಲ್ಲಿ ಆಗಲೇ ಕೊಳವೆಗಳು ಹರಿಯುತ್ತಿದ್ದವು! 1990ರ ದಶಕದಲ್ಲಿ ಅಮೆರಿಕ ಇಂಥ ಕೈಗಾರಿಕಾ ಪಾರ್ಕುಗಳನ್ನು ಯೋಜನೆ ಹಾಕಿ ಕಟ್ಟಲು ಹೊರಟಿತು. ಯೇಲ್ ವಿಶ್ವವಿದ್ಯಾಲಯದ ಮರಿಯನ್ ಚೆರ್ಟೋ ಅವನ್ನು ಪರಿಶೀಲಿಸಿ 2007ರಲ್ಲಿ ಬರೆದರು: ಮೊದಲೇ ಯೋಜಿಸಿದವು ಹೆಚ್ಚಾಗಿ ನೆಲಕಚ್ಚಿದವು, ತಾವಾಗಿಯೇ ಹುಟ್ಟಿದ ಸಂಬಂಧಗಳು ಬಾಳಿದವು. ಹಾಗಾದರೆ ಸರ್ಕಾರ ಸುಮ್ಮನಿರಬೇಕೇ? ಹಾಗಲ್ಲ. ಈಗಾಗಲೇ ಇರುವ ಕೊಂಡಿಗಳನ್ನು ಹುಡುಕಿ ಬಲಪಡಿಸಿ ಎನ್ನುತ್ತಾರೆ ಅವರು. ನನಗೂ ಅದೇ ಸರಿ ಅನಿಸುತ್ತದೆ. ಚಿಮಣಿಯಿಂದ ಗಂಧಕದ ಅನಿಲವನ್ನು ಮಿತಿಮೀರಿ ಬಿಡಬಾರದು ಎಂಬ ಕಾನೂನು ಇಲ್ಲದಿದ್ದರೆ ಗಂಧಕ ಹಿಡಿಯುವ ಯಂತ್ರವನ್ನು ಯಾರೂ ಕೂರಿಸುತ್ತಿರಲಿಲ್ಲ.

ಒಂದು ಆತಂಕವೂ ಇದೆ. ನಿಮ್ಮ ತ್ಯಾಜ್ಯ ನನ್ನ ಕಚ್ಚಾವಸ್ತುವಾದ ಮೇಲೆ ಅದು ಕಡಿಮೆಯಾಗಲಿ ಅಂತ ನಾನು ಬಯಸುವೆನೇ? ಕಲ್ಲಿದ್ದಲಿಗೆ ಅಂಟಿಕೊಳ್ಳಲು ಇದೇ ನೆಪವಾಗಬಹುದಿತ್ತು. ಆದರೆ ಆಸ್ನೆಸ್ ಕಲ್ಲಿದ್ದಲು ಬಿಟ್ಟು ಮರದ ಚೂರಿಗೆ ಬದಲಾಯಿತು. ಮರದಲ್ಲಿ ಗಂಧಕ ತೀರಾ ಕಡಿಮೆ, ಹಾಗಾಗಿ ಜಿಪ್ಸಮ್ ಕೂಡ ಹುಟ್ಟುವುದಿಲ್ಲ. ಹಬೆ ಮತ್ತು ಬಿಸಿನೀರು ಮಾತ್ರ ಈಗಲೂ ಅಲ್ಲಿಂದಲೇ ನೋವೊ ಕಾರ್ಖಾನೆಗೂ ಊರಿನ ಮನೆಗಳಿಗೂ ಹೋಗುತ್ತಿವೆ.