ಆನೆ ಸುದ್ದಿಯ ನಡುವೆ ಸ್ಪ್ಯಾಮ್: ತಡೆಯುವ ದಾರಿ ಯಾವುದು?

ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದವರಿಗೆ ವಾಟ್ಸಾಪ್ ಗ್ರೂಪ್ ಸುಮ್ನೆ ಹರಟೆಗಲ್ಲ. ಕಾಡಾನೆ ಯಾವ ತೋಟದಲ್ಲಿದೆ ಅಂತ ಬೆಳಿಗ್ಗೆ ಕೆಲಸದವರು ಹೊರಡುವ ಮೊದಲೇ ಗೊತ್ತಾಗಬೇಕು. ಆ ಹೊತ್ತಿಗೆ ‘ಐದು ನಿಮಿಷದಲ್ಲಿ ಸಾಲ’, ‘ಮನೆಯಲ್ಲೇ ಕೂತು ದುಡಿಯಿರಿ’ ಅಂತ ಸಾಲುಸಾಲು ಲಿಂಕ್ ಬಂದರೆ ಆನೆ ಸುದ್ದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಜೀವದ ಪ್ರಶ್ನೆ.

ಹೀಗೆ ಕೇಳದೆ ಬಂದು ಬೀಳುವ ಸಂದೇಶವೇ ಸ್ಪ್ಯಾಮ್. ಈ ಕಾಟ ಹಳೆಯದು. 1978ರ ಮೇ ತಿಂಗಳಲ್ಲೇ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಗ್ಯಾರಿ ಥುರ್ಕ್ ಸುಮಾರು 400 ಜನರಿಗೆ ಒಂದೇ ಜಾಹೀರಾತು ಕಳಿಸಿದ್ದರು. 1994ರಲ್ಲಿ ಅಲ್ಲಿನ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಜಾಹೀರಾತನ್ನು ಯೂಸ್‌ನೆಟ್ ಎಂಬ ಹಳೆಯ ಆನ್‌ಲೈನ್ ಚರ್ಚಾ ಜಾಲದ ಸಾವಿರಾರು ಗುಂಪುಗಳಿಗೆ ಹಾಕಿದರು. ಪದ ನೋಡಿ ಸ್ಪ್ಯಾಮ್ ಹಿಡಿಯುವ ತಂತ್ರ ಬಂತು. ಕಳಿಸುವವರು ಪದವನ್ನೇ ಬದಲಿಸಿದರು.

ಅಷ್ಟರಲ್ಲಿ ಇನ್ನೊಂದು ಯೋಚನೆಯೂ ಬೆಳೆಯುತ್ತಿತ್ತು: ಬರೆದವರು ಯಾರು, ಅವರನ್ನು ಬಲ್ಲವರು ಯಾರು ಅಂತ ನೋಡುವುದು. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದ, ಸಂದೇಶವನ್ನು ಬೇರೆಯವರು ಓದದಂತೆ ಗುಟ್ಟಾಗಿಡುವ ಪಿಜಿಪಿ ತಂತ್ರಾಂಶ ಇದನ್ನೇ ನೆಚ್ಚಿಕೊಂಡು ಬೆಳೆಯಿತು. ಗುರುತು ಖಾತ್ರಿ ಮಾಡಲು ಅದಕ್ಕೆ ದೊಡ್ಡ ಕಚೇರಿ ಬೇಕಿರಲಿಲ್ಲ. ಪರಿಚಯದವರೇ ಒಬ್ಬರಿಗೊಬ್ಬರು ಸಾಕ್ಷಿ.

ಆದರೆ ಕಳ್ಳನೊಬ್ಬ ನೂರು ನಕಲಿ ಖಾತೆ ತೆರೆದು, ಅವೆಲ್ಲ ಒಂದಕ್ಕೊಂದು ಸಾಕ್ಷಿ ಹೇಳಿದರೆ? 2002ರಲ್ಲಿ ಸಂಶೋಧಕ ಜಾನ್ ಡೌಸರ್ ಈ ಮೋಸವನ್ನು ‘ಸಿಬಿಲ್ (Sybil) ದಾಳಿ’ ಅಂತ ವಿವರಿಸಿದರು. ಅದಕ್ಕೂ ಮೊದಲೇ, 1999ರಲ್ಲಿ, ರಾಫ್ ಲೆವಿಯನ್ ತಂತ್ರಾಂಶ ಬರೆಯುವವರಿಗಾಗಿ ತಾವು ನಡೆಸುತ್ತಿದ್ದ ಅಡ್ವೊಗಾಟೊ ತಾಣದಲ್ಲಿ ಒಂದು ಉತ್ತರ ಕೊಟ್ಟಿದ್ದರು. ನನಗೆ ಬಹಳ ಹಿಡಿಸಿದ ಉತ್ತರ ಅದು. ಕಾಲುವೆಯ ನೀರಿನಂತೆ ನಂಬಿಕೆ ಕೆಲವು ಖಚಿತ ಸದಸ್ಯರಿಂದ ಹೊರಟು ಹರಿಯುತ್ತದೆ. ದೂರ ಹೋದಷ್ಟೂ ಕಡಿಮೆಯಾಗುತ್ತದೆ. ನೂರು ನಕಲಿಗಳಿಗೂ ನಿಜವಾದ ಸದಸ್ಯ ಒಬ್ಬನೇ ಸಾಕ್ಷಿಯಾದರೆ, ಅವನ ಪಾಲಿಗೆ ಬಂದಷ್ಟೇ ಅವಕ್ಕೆಲ್ಲ. ಹೀಗಾಗಿ ನಕಲಿ ಖಾತೆ ಜಾಸ್ತಿ ಮಾಡಿ ಲಾಭವಿಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಸ್ಪ್ಯಾಮ್ ಕಳಿಸುವವರನ್ನು ಹೊರಹಾಕುವುದು ಅಡ್ಮಿನ್‌ಗಳ ಕೈಯಲ್ಲಿದೆ. ಅವರು ಮಲಗಿದ್ದಾಗಲೂ ಸ್ಪ್ಯಾಮ್ ಬರುತ್ತದೆ. ಗ್ರೂಪಿನ ಲಿಂಕ್ ಸಿಕ್ಕವರೆಲ್ಲ ಸೇರಿ ಬರೆಯುವ ಬದಲು, ಬೇರೆ ಬೇರೆ ಊರಿನ ಇಬ್ಬರು ಸದಸ್ಯರು ‘ಇವರು ಗೊತ್ತು’ ಅಂದವರಿಗೆ ಮಾತ್ರ ಬರೆಯಲು ಬಿಡುವುದು ಒಳ್ಳೆಯದು. ಬೇರೆ ಊರು ಯಾಕೆ ಅಂದರೆ, ಒಬ್ಬ ಮೋಸ ಹೋದರೂ ಇನ್ನೊಬ್ಬ ತಡೆಯಬಹುದು. ಆದರೆ ಪರಿಚಯದವರೂ ಸುಳ್ಳು ಸುದ್ದಿ ಫಾರ್ವರ್ಡ್ ಮಾಡುತ್ತಾರೆ, ಅಲ್ವಾ? ಅದಕ್ಕೆ ಇದು ಮದ್ದಲ್ಲ.

ಓದುವುದಕ್ಕೆ ಮಾತ್ರ ಯಾವ ಸಾಕ್ಷಿಯನ್ನೂ ಕೇಳಬಾರದು. ತೋಟದ ಲೈನ್ ಮನೆಗೆ, ಅಂದರೆ ಕೆಲಸದವರ ಸಾಲು ಮನೆಗೆ, ನಿನ್ನೆ ಬಂದ ಕೆಲಸದವರಿಗೆ ಊರಲ್ಲಿ ಯಾರೂ ಗೊತ್ತಿರುವುದಿಲ್ಲ. ಆನೆ ಸುದ್ದಿ ಮೊದಲು ಬೇಕಾದದ್ದು ಅವರಿಗೇ.