ಬೋರ್ಡಿನ ಮೇಲಿನ ಕನ್ನಡವನ್ನು ಹಿಂಡಬೇಡಿ

ಅಂಗಡಿ ಬೋರ್ಡು ಮಾಡಿಸಲು ಬರುವವರು ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೋರಿಸುತ್ತಾರೆ. ಯಾವುದೋ ಜಿಮ್ಮಿನ ಇಂಗ್ಲಿಷ್ ಹೆಸರು. ದಪ್ಪ, ಇಕ್ಕಟ್ಟಾದ, ಬಲಕ್ಕೆ ವಾಲಿದ ಅಕ್ಷರ. ನಮ್ಮ ಕಸುಬಿನಲ್ಲಿ ಇದಕ್ಕೆ ಬೋಲ್ಡ್ ಕಂಡೆನ್ಸ್ಡ್ ಇಟಾಲಿಕ್ ಅನ್ನುತ್ತೇವೆ. "ಕನ್ನಡನೂ ಸೇಮ್ ಹಿಂಗ ಬರ್ಬೇಕ್ರಿ" ಅನ್ನುತ್ತಾರೆ.

2024ರ ಕಾನೂನು ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಹಾಗಾಗಿ ಬೆಳಗಾವಿಯಲ್ಲಿ ಈ ಬೇಡಿಕೆ ಜಾಸ್ತಿಯಾಗಿದೆ. ಇಂಗ್ಲಿಷ್ ಚಂದ ಕೂತ ಮೇಲೆ ಕನ್ನಡವನ್ನು ಕೋರಲ್ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಎರಡೂ ಕಡೆಯಿಂದ ಒತ್ತಿ, ಓರೆ ಮಾಡಿ, "ಆಯ್ತ್ ನೋಡ್ರಿ" ಅಂತ ಕೊಡುವವರೂ ಇದ್ದಾರೆ.

ಇಲ್ಲೇ ಎಡವಟ್ಟು. ಆ ಇಂಗ್ಲಿಷ್ ಅಕ್ಷರವನ್ನು ಯಾರೂ ಒತ್ತಿಲ್ಲ. ಅದನ್ನು ಮೊದಲೇ ಸಪೂರವಾಗಿ ಬರೆದಿದ್ದಾರೆ. ವಿಂಡೋಸ್‌ನಲ್ಲಿ ಸಿಗುವ ಇಂಪ್ಯಾಕ್ಟ್ ಫಾಂಟ್ ನೋಡಿ, 1965ರದು. ಅಕ್ಷರ ಇಕ್ಕಟ್ಟಾದರೂ ನಿಂತ ಗೆರೆಗಳ ದಪ್ಪ ಕಡಿಮೆಯಾಗಿಲ್ಲ. ನೀವು ಒಂದು ಅಕ್ಷರದ ಅಗಲವನ್ನು ಶೇ. 60ಕ್ಕೆ ಇಳಿಸಿದರೆ ನಿಂತ ಗೆರೆಯ ದಪ್ಪವೂ ಶೇ. 60ಕ್ಕೆ ಇಳಿಯುತ್ತದೆ. ಮಲಗಿದ ಗೆರೆ ಮಾತ್ರ ಹಾಗೇ ಉಳಿಯುತ್ತದೆ. ಕನ್ನಡ ಪೂರಾ ದುಂಡು. ಒತ್ತಿದಾಗ ಅಕ್ಷರ ಮೇಲೆ, ಕೆಳಗೆ ದಪ್ಪ, ಪಕ್ಕದಲ್ಲಿ ತೆಳು. ಓರೆ ಮಾಡಿದರೆ ಇನ್ನೂ ಕೆಡುತ್ತದೆ. ತಲೆಕಟ್ಟು ಬಲಕ್ಕೆ ಸರಿಯುತ್ತದೆ, ಒತ್ತಕ್ಷರ ಎಡಕ್ಕೆ, ಹಿಂದಿನ ಅಕ್ಷರದ ಕಡೆಗೆ. ಬಿಡಿ ಅಕ್ಷರದಲ್ಲಿ ಇದು ಗೊತ್ತಾಗುವುದಿಲ್ಲ. 'ಲಕ್ಷ್ಮಿ' ಬರೆದು ನೋಡಿ.

ದಪ್ಪದ ಕಷ್ಟ ಬೇರೆ. ದ ಮತ್ತು ಧ, ಡ ಮತ್ತು ಢ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಅಷ್ಟೇ. ದಪ್ಪ ಮಾಡಿ ಒತ್ತಿದರೆ ಮೊದಲು ಮುಚ್ಚಿಹೋಗುವುದು ಅದೇ. ಒಬ್ಬ ಫೈನಾನ್ಸ್ ಅಂಗಡಿಯವರು ಎಷ್ಟು ಹೇಳಿದರೂ ಕೇಳದೆ ಬೇರೆ ಕಡೆ ಹೋಗಿ ಬೋರ್ಡು ಮಾಡಿಸಿದರು. ಹೆಸರಿನಲ್ಲಿ 'ಧನ' ಇತ್ತು. ರಸ್ತೆಯ ಆಚೆಯಿಂದ ನೋಡಿದರೆ 'ದನ'. ಒಳ್ಳೆಯ ಮನುಷ್ಯ, ಈಗಲೂ ಚಹಾಕ್ಕೆ ಕರೆಯುತ್ತಾರೆ. ಬೋರ್ಡಿನ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಖಡೇಬಜಾರಿನ ಬಟ್ಟೆ ವ್ಯಾಪಾರಿಯೊಬ್ಬರು ಕೇಳಿದ್ದರು: "ಮರಾಠಿ ಸಣ್ಣಗ ಆಗ್ತೈತಿ, ಕನ್ನಡ ಯಾಕ ಆಗಂಗಿಲ್ರಿ?" ಜಾಣ ಪ್ರಶ್ನೆ. ಮರಾಠಿಯ ಬಹಳಷ್ಟು ಅಕ್ಷರಗಳಲ್ಲಿ ನೆಟ್ಟಗೆ ನಿಂತ ಗೆರೆಯೊಂದಿದೆ, ಇಕ್ಕಟ್ಟಾದರೂ ಅದು ಆಧಾರ ಕೊಡುತ್ತದೆ. ಕನ್ನಡಕ್ಕೆ ಆ ಗೆರೆ ಇಲ್ಲ, ಅಗಲವೇ ಬೇಕು.

ಹಾಗಂತ ಸಪೂರ ಕನ್ನಡ ಆಗುವುದೇ ಇಲ್ಲ ಅಂತಲ್ಲ. ಫಾಂಟ್ ಮಾಡುವ ಏಕ್ ಟೈಪ್‌ನವರ 'ಅನೇಕ್ ಕನ್ನಡ' ಫಾಂಟ್ 2022ರಲ್ಲಿ ಬಂತು, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಅಗಲ, ದಪ್ಪ ಎರಡನ್ನೂ ಹೆಚ್ಚು ಕಡಿಮೆ ಮಾಡಬಹುದು, ಅಕ್ಷರ ಕೆಡುವುದಿಲ್ಲ. ವಾಲಿಸಬೇಡಿ, ನೆಟ್ಟಗೇ ಇರಲಿ. ಇಂಗ್ಲಿಷ್ ಪಕ್ಕದಲ್ಲಿ ವಾಲಿದ್ದರೆ ವಾಲಲಿ, ಏನೂ ಆಗುವುದಿಲ್ಲ. ಕಬಡ್ಡಿ ತಂಡದ ಜರ್ಸಿ ಮೇಲೆ ಒತ್ತಕ್ಷರ ಇಲ್ಲದ ಎರಡು ಮೂರು ಅಕ್ಷರದ ಹೆಸರಾದರೆ ನಾನೇ ಸ್ವಲ್ಪ ವಾಲಿಸುತ್ತೇನೆ, ಚಂದ ಕಾಣುತ್ತದೆ. ಬೋರ್ಡಿನ ತುದಿಯ ಫೋನ್ ನಂಬರು, ವಿಳಾಸಕ್ಕೆ ಮಾತ್ರ ಈ ದಪ್ಪ, ಇಕ್ಕಟ್ಟಾದ ಅಕ್ಷರ ಕೇಳಬೇಡಿ. ಅಕ್ಷರದ ಗಾತ್ರ, ನೋಡುವವರ ದೂರ ನೋಡದೆ ಬೋರ್ಡು ಓದಲು ಬರುತ್ತದೆ ಅಂತ ಖಾತ್ರಿ ಹೇಳುವುದು ಕಷ್ಟ. ಅದಕ್ಕೇ ಮೊದಲು ಎ4 ಹಾಳೆಯಲ್ಲಿ ಒಂದು ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ, ಹೆಸರು ಗೊತ್ತಿಲ್ಲದ ಯಾರಿಗಾದರೂ ಓದಲು ಹೇಳಿ. ಆಮೇಲೆ ಅಡ್ವಾನ್ಸ್ ಕೊಡಿ.