ಜಾಹೀರಾತು ಹೇಳಿದ್ದೇನು, ನಾವು ಅಂದುಕೊಂಡಿದ್ದೇನು: ಬಿ.ಇಡಿ. ಗೆಳೆಯರಿಗೆ ಪಾಠದ ಟಿಪ್ಪಣಿ

ಹೈಸ್ಕೂಲ್ ಮಕ್ಕಳಿಗೆ ಜಾಹೀರಾತಿನ ಬಗ್ಗೆ ಪಾಠ ಮಾಡಬೇಕು ಅಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ತಂತ್ರಗಳ ಪಟ್ಟಿ ಬರೆದುಕೊಳ್ಳುತ್ತೇವೆ. ಭಯ ಹುಟ್ಟಿಸುವುದು, ಸಿನಿಮಾ ನಟರನ್ನು ತರುವುದು, ಎಲ್ಲರೂ ಕೊಳ್ಳುತ್ತಿದ್ದಾರೆ ಅನ್ನುವುದು, ಹೀಗೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಪಟ್ಟಿ ಗೊತ್ತಿದ್ದ ಮಾತ್ರಕ್ಕೆ ಕಣ್ಣೆದುರಿನ ಜಾಹೀರಾತನ್ನು ಓದಲು ಬರುವುದಿಲ್ಲ.

ಪಟ್ಟಿಗಿಂತ ಮೊದಲು ಎರಡು ಪ್ರಶ್ನೆ ಕಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಈ ಜಾಹೀರಾತು ಬಾಯಿಬಿಟ್ಟು ಹೇಳಿದ್ದೇನು? ಅದನ್ನು ನೋಡಿ ನಾನು ಅಂದುಕೊಂಡಿದ್ದೇನು? ಕಂಪನಿಗಳು ನೇರವಾಗಿ ಸುಳ್ಳು ಹೇಳುವುದು ಕಡಿಮೆ, ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ಅರ್ಧ ಹೇಳಿ ನಿಲ್ಲಿಸುತ್ತಾರೆ, ಉಳಿದರ್ಧವನ್ನು ನಾವೇ ತುಂಬಿಕೊಳ್ಳುತ್ತೇವೆ. ನಾವೇ ತುಂಬಿಕೊಂಡಿದ್ದು ಆದ್ದರಿಂದ ಅದರ ಮೇಲೆ ನಮಗೆ ಅನುಮಾನವೂ ಬರುವುದಿಲ್ಲ.

ಹಳೆಯ ಉದಾಹರಣೆಯೊಂದಿದೆ. 1946ರಲ್ಲಿ ಅಮೆರಿಕದ ಕ್ಯಾಮೆಲ್ ಸಿಗರೇಟು ಒಂದು ಜಾಹೀರಾತು ಸರಣಿ ಶುರು ಮಾಡಿತು. ಬೇರೆ ಯಾವ ಸಿಗರೇಟಿಗಿಂತಲೂ ಕ್ಯಾಮೆಲ್ ಸೇದುವ ಡಾಕ್ಟರುಗಳೇ ಜಾಸ್ತಿ ಅನ್ನುವುದು ಅದರ ಸಾಲು. ಸಮೀಕ್ಷೆ ಮಾಡಿದ್ದೇವೆ ಅಂತಲೂ ಹೇಳಿಕೊಂಡರು. ಸಿಗರೇಟು ಆರೋಗ್ಯಕ್ಕೆ ಒಳ್ಳೆಯದು ಅಂತ ಆ ಸಾಲು ಹೇಳಿದೆಯಾ? ಇಲ್ಲ. ಡಾಕ್ಟರ್ ಸೇದಿ ಅಂದಿದ್ದಾರಾ? ಅದೂ ಇಲ್ಲ. ಆದರೆ ಓದಿದವರ ಮನಸ್ಸಿನಲ್ಲಿ ಉಳಿದಿದ್ದು ‘ಇದರಿಂದ ಅಪಾಯವಿಲ್ಲ’ ಅನ್ನುವ ಮಾತೇ. ಡಾಕ್ಟರುಗಳ ಸಮ್ಮೇಳನಗಳಲ್ಲಿ ಕಂಪನಿಯೇ ಸಿಗರೇಟನ್ನು ಪುಕ್ಕಟೆಯಾಗಿ ಹಂಚುತ್ತಿತ್ತು ಅನ್ನುವುದು ಜಾಹೀರಾತಿನಲ್ಲಿ ಇರಲಿಲ್ಲ.

ಪಟ್ಟಿ ಎಲ್ಲಿಂದ ಬಂತು

ಪಠ್ಯಗಳಲ್ಲಿ ಕಾಣುವ ತಂತ್ರಗಳ ಪಟ್ಟಿಗೆ ದೊಡ್ಡ ಮೂಲ 1937ರದ್ದು. ಆ ವರ್ಷ ನ್ಯೂಯಾರ್ಕಿನಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಪ್ರಾಪಗಾಂಡಾ ಅನಾಲಿಸಿಸ್ ಅನ್ನುವ ಸಂಸ್ಥೆ ಶುರುವಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಲೈಡ್ ಮಿಲ್ಲರ್ ಅದರ ಮುಂದಾಳು. ರೇಡಿಯೊ ಮನೆಮನೆಗೂ ಬಂದಿದ್ದ, ಯುರೋಪಿನಲ್ಲಿ ಹಿಟ್ಲರನ ಪ್ರಚಾರ ಜೋರಾಗಿದ್ದ ಕಾಲ ಅದು. ಶಾಲಾ ಮಕ್ಕಳಿಗೂ ಪ್ರಚಾರವನ್ನು ಗುರುತಿಸಲು ಬರಬೇಕು ಅಂತ ಅವರು ಏಳು ತಂತ್ರಗಳಿಗೆ ಹೆಸರು ಕೊಟ್ಟರು. ಎದುರಾಳಿಗೆ ಕೆಟ್ಟ ಹೆಸರು ಅಂಟಿಸುವುದು ಒಂದು. ಅರ್ಥ ಬಿಗಿಯಾಗಿ ಇರದ, ಕೇಳಲು ಚಂದವಾದ ಮಾತು ಬಳಸುವುದು ಇನ್ನೊಂದು. ಬೇರೆ ಕಡೆಯ ಗೌರವವನ್ನು ತಂದು ವಸ್ತುವಿಗೆ ಹಚ್ಚುವುದು, ಹೆಸರಾದವರಿಂದ ಹೊಗಳಿಸುವುದು, ‘ನಾವೂ ನಿಮ್ಮಂಥವರೇ’ ಅನ್ನುವುದು, ಬೇಕಾದ್ದನ್ನು ತೋರಿಸಿ ಬೇಡದ್ದನ್ನು ಮುಚ್ಚುವುದು, ‘ಎಲ್ಲರೂ ಇದನ್ನೇ ಮಾಡುತ್ತಿದ್ದಾರೆ’ ಅನ್ನುವುದು ಉಳಿದವು.

ಸಂಸ್ಥೆ 1942ರಲ್ಲಿ ಮುಚ್ಚಿತು, ಪಟ್ಟಿ ಮಾತ್ರ ಉಳಿಯಿತು. ಇದನ್ನು ಕಲಿತ ಮಕ್ಕಳು ಯಾವುದನ್ನೂ ನಂಬದವರಾಗುತ್ತಾರೆ ಅನ್ನುವ ಟೀಕೆ ಆಗಲೇ ಬಂದಿತ್ತು. ಅದನ್ನು ನಾವು ತಳ್ಳಿಹಾಕಬಾರದು. ಪೋಲಿಯೊ ಜಾಹೀರಾತು ನೆನಪಿಸಿಕೊಳ್ಳಿ. ಎರಡು ಹನಿ ಹಾಕಿಸಿ ಅಂತ ಅಮಿತಾಭ್ ಬಚ್ಚನ್ ಟಿವಿಯಲ್ಲಿ ಹೇಳುತ್ತಿದ್ದರು. ಹೆಸರಾದವರಿಂದ ಹೇಳಿಸುವ ತಂತ್ರವೇ ಅದು. ಆದರೆ ಹೇಳಿದ ಮಾತಿಗೆ ವಿಜ್ಞಾನದ ಆಧಾರವಿತ್ತು, 2014ರ ಮಾರ್ಚಿನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರವೂ ಸಿಕ್ಕಿತು. ಹಾಗಾಗಿ ತಂತ್ರ ಕಂಡ ಕೂಡಲೇ ‘ಸುಳ್ಳು’ ಅಂತ ತೀರ್ಪು ಕೊಡುವ ಮಗುವಿಗೆ ನಾವು ಅರ್ಧ ಪಾಠ ಮಾತ್ರ ಹೇಳಿಕೊಟ್ಟಂತೆ. ತಂತ್ರವನ್ನು ಪಕ್ಕಕ್ಕಿಟ್ಟ ಮೇಲೆ ಉಳಿಯುವ ಮಾತು ಯಾವುದು, ಅದಕ್ಕೆ ಆಧಾರ ಏನು ಅಂತ ಕೇಳುವುದು ಇನ್ನರ್ಧ.

ಮಕ್ಕಳಿಗೆ ಹತ್ತಿರದ ಉದಾಹರಣೆ: ಕೋಚಿಂಗ್ ಫ್ಲೆಕ್ಸ್

ನನ್ನ ಪ್ರಕಾರ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಫಲಿತಾಂಶ ಬಂದ ವಾರ ಊರಿನ ಸರ್ಕಲ್ ತುಂಬ ನಗುವ ಮುಖಗಳು, ರ‍್ಯಾಂಕ್ ನಂಬರುಗಳು. ಹೇಳಿದ್ದು ಇಷ್ಟೇ: ಈ ವಿದ್ಯಾರ್ಥಿಗಳು ನಮ್ಮವರು, ಇವರಿಗೆ ಈ ರ‍್ಯಾಂಕ್ ಬಂದಿದೆ. ನಾವು ಅಂದುಕೊಂಡಿದ್ದು: ಇಲ್ಲಿ ಸೇರಿದರೆ ನನಗೂ ಬರುತ್ತದೆ. ನಡುವೆ ಎಷ್ಟೊಂದು ಪ್ರಶ್ನೆ ಬಿಟ್ಟುಹೋಗಿದೆ, ಅಲ್ವಾ? ಒಟ್ಟು ಎಷ್ಟು ಮಂದಿ ಸೇರಿದ್ದರು? ಈ ಹತ್ತು ಮುಖ ನೂರರಲ್ಲಿ ಹತ್ತೋ, ಸಾವಿರದಲ್ಲಿ ಹತ್ತೋ? ಇವರು ಎರಡು ವರ್ಷ ಓದಿದ್ದು ಅಲ್ಲೇನಾ, ಇಲ್ಲಾ ಕೊನೆಯಲ್ಲಿ ಟೆಸ್ಟ್ ಸೀರೀಸ್‌ಗೆ ಮಾತ್ರ ಹೆಸರು ಕೊಟ್ಟಿದ್ದರಾ?

ಈ ಕೊನೆಯ ಪ್ರಶ್ನೆ ಸುಮ್ನೆ ಎತ್ತಿದ್ದಲ್ಲ. ಯುಪಿಎಸ್‌ಸಿ ಕೋಚಿಂಗ್ ಜಾಹೀರಾತುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪರಿಶೀಲಿಸಿದಾಗ ಸಿಕ್ಕಿದ್ದು ಇದೇ. ಆಯ್ಕೆಯಾದ ಹಲವರು ಆ ಸಂಸ್ಥೆಗಳಲ್ಲಿ ಪಡೆದಿದ್ದು ಸಂದರ್ಶನದ ಪುಕ್ಕಟೆ ತರಬೇತಿ ಮಾತ್ರ. ಅಂದರೆ ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ಅವರು ಮೊದಲೇ ದಾಟಿದ್ದರು. ಜಾಹೀರಾತಿನಲ್ಲಿ ಅದನ್ನು ಬಿಟ್ಟು, ಅವರ ಫೋಟೊ ಪಕ್ಕದಲ್ಲಿ ದುಬಾರಿ ಫೀಸಿನ ಕೋರ್ಸುಗಳ ಹೆಸರು ಹಾಕುತ್ತಿದ್ದರು. ಪ್ರಾಧಿಕಾರ ಹಲವು ಸಂಸ್ಥೆಗಳಿಗೆ ದಂಡ ಹಾಕಿತು. 2024ರ ನವೆಂಬರಿನಲ್ಲಿ ಕೋಚಿಂಗ್ ಕ್ಷೇತ್ರಕ್ಕೇ ಪ್ರತ್ಯೇಕ ಮಾರ್ಗಸೂಚಿ ಬಂತು. ಆಯ್ಕೆಯಾದ ಮೇಲೆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆಯದೆ ಫೋಟೊ ಹಾಕುವಂತಿಲ್ಲ. ಅವರು ಯಾವ ಕೋರ್ಸ್ ಮಾಡಿದ್ದರು, ಎಷ್ಟು ಅವಧಿ, ಹಣ ಕಟ್ಟಿದ್ದರಾ ಇಲ್ಲವಾ ಅನ್ನುವುದನ್ನೂ ಹೇಳಬೇಕು. ಈ ನಿಯಮವನ್ನು ಓದಿ ಹೇಳಿ, ಊರಿನ ಒಂದು ಫ್ಲೆಕ್ಸಿನಲ್ಲಿ ಇವುಗಳ ಪೈಕಿ ಯಾವುದಿದೆ, ಯಾವುದಿಲ್ಲ ಅಂತ ಮಕ್ಕಳಿಗೇ ಹುಡುಕಲು ಬಿಡಿ. ಫ್ಲೆಕ್ಸಿನಲ್ಲಿರುವ ವಿದ್ಯಾರ್ಥಿಗಳ ಬಗ್ಗೆ ಹಗುರವಾದ ಮಾತು ಬರದಂತೆ ನೋಡಿಕೊಳ್ಳಿ. ಅವರ ಓದು ನಿಜ, ಶ್ರಮ ನಿಜ.

ಇನ್ನು ಕೆಲವು

‘ನಾವೂ ನಿಮ್ಮಂಥವರೇ’ ಅನ್ನುವುದಕ್ಕೆ ಬಟ್ಟೆ ಒಗೆಯುವ ಪುಡಿ ಸರ್ಫ್‌ನ ಜಾಹೀರಾತಿನ ಪಾತ್ರ ಲಲಿತಾಜಿ ಇದ್ದಾರೆ. 1980ರ ದಶಕದಲ್ಲಿ ಕಡಿಮೆ ಬೆಲೆಯ ನಿರ್ಮಾ, ಸರ್ಫ್‌ನ ಮಾರುಕಟ್ಟೆಯನ್ನು ಕಿತ್ತುಕೊಳ್ಳುತ್ತಿತ್ತು. ಬೆಲೆಯಲ್ಲಿ ಸೋಲುವ ಸರ್ಫ್, ತರಕಾರಿಗೆ ಚೌಕಾಸಿ ಮಾಡುವ ಗಟ್ಟಿ ಗೃಹಿಣಿಯಾಗಿ ಈ ಲಲಿತಾಜಿಯನ್ನು ತೆರೆಗೆ ತಂದಿತು. ಅಗ್ಗದ್ದಕ್ಕೂ ಒಳ್ಳೆಯದಕ್ಕೂ ವ್ಯತ್ಯಾಸವಿದೆ ಅಂತ ಆಕೆ ಹೇಳುತ್ತಿದ್ದರು. ಆ ಜಾಹೀರಾತಿನಲ್ಲಿ ಒಂದು ವಾದವೂ ಇತ್ತು: ಅರ್ಧ ಕಿಲೊ ಸರ್ಫ್, ಒಂದು ಕಿಲೊ ಅಗ್ಗದ ಪುಡಿಗೆ ಸಮ. ಇದು ಒಗೆದು ನೋಡಬಹುದಾದ ಮಾತು. ‘ಇಷ್ಟು ಜಾಣೆಯೇ ಕೊಂಡರೆ ಸರಿಯೇ ಇರಬೇಕು’ ಅನ್ನುವುದು ನಾವು ಸೇರಿಸಿಕೊಂಡಿದ್ದು. ಈ ಎರಡನ್ನು ಬೇರ್ಪಡಿಸುವ ಅಭ್ಯಾಸಕ್ಕೆ ಇದು ತುಂಬ ಒಳ್ಳೆಯದು.

ಚಂದದ ಮಾತಿಗೆ ‘ಹೆಲ್ತ್ ಡ್ರಿಂಕ್’. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಈ ಪದಕ್ಕೆ ವ್ಯಾಖ್ಯೆಯೇ ಇಲ್ಲ. 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಮತ್ತಿತರ ಪಾನೀಯಗಳನ್ನು ಆ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಹೇಳಿತು. ಮಕ್ಕಳು ಡಬ್ಬಿ ತಂದು ಹಿಂಬದಿಯಲ್ಲಿ ಸಕ್ಕರೆ ಎಷ್ಟು ಅಂತ ಓದಲಿ. ಡಬ್ಬಿಯ ಮುಂಬದಿ, ಹಿಂಬದಿ ಎರಡನ್ನೂ ಓದುವುದೇ ಒಂದು ಪಾಠ.

ಬೇರೆ ಕಡೆಯ ಗೌರವ ತಂದು ಹಚ್ಚುವುದಕ್ಕೆ ನಮ್ಮದೇ ಮೈಸೂರು ಸ್ಯಾಂಡಲ್ ಸೋಪನ್ನು ತೆಗೆದುಕೊಳ್ಳಿ. 1916ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ, ಮೈಸೂರು ಸಂಸ್ಥಾನದ ನೆನಪು, ಶರಭದ ಗುರುತು, ಗಂಧದ ಪರಿಮಳ. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಅವರನ್ನು 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ, ಕನ್ನಡದ ನಟಿಯನ್ನೇ ಆರಿಸಬೇಕಿತ್ತು ಅಂತ ದೊಡ್ಡ ಚರ್ಚೆ ನಡೆಯಿತು. ಆ ಚರ್ಚೆ ಹೆಮ್ಮೆ ಮತ್ತು ಹಕ್ಕಿನ ಸುತ್ತ ಇತ್ತು. ಸೋಪಿನ ಗುಣಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಇಷ್ಟಪಡುವ ವಸ್ತುವಿನ ಮೇಲೇ ಈ ಅಭ್ಯಾಸ ಮಾಡಿಸಿದರೆ, ತಂತ್ರ ಕಂಡಾಗಲೆಲ್ಲ ದ್ವೇಷ ಬೇಕಿಲ್ಲ ಅನ್ನುವುದು ಮಕ್ಕಳಿಗೆ ಗೊತ್ತಾಗುತ್ತದೆ.

ಮೈಬಣ್ಣ ಬಿಳಿಯಾಗಿಸುತ್ತೇವೆ ಅನ್ನುವ ಕ್ರೀಮುಗಳ ವಿಷಯಕ್ಕೆ ಬಂದಾಗ ಎಚ್ಚರ ಬೇಕು. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು, 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕಪ್ಪು ಬಣ್ಣದವರನ್ನು ದುಃಖಿಗಳಂತೆ, ಕೆಲಸ-ಮದುವೆಗಳಲ್ಲಿ ಸೋಲುವವರಂತೆ ತೋರಿಸಬಾರದು ಅಂತ ಜಾಹೀರಾತು ಮಾನಕ ಮಂಡಳಿ 2014ರಲ್ಲೇ ನಿಯಮ ಮಾಡಿದೆ. ಮೊದಲು ಕೊರತೆ ಇದೆ ಅಂತ ನಂಬಿಸಿ ಆಮೇಲೆ ಮದ್ದು ಮಾರುವುದು ಇಂಥ ಜಾಹೀರಾತುಗಳ ತಂತ್ರ. ತರಗತಿಯಲ್ಲಿ ‘ನಿನಗೆ ಹೀಗೆ ಅನಿಸಿದೆಯಾ’ ಅಂತ ಯಾವ ಮಗುವನ್ನೂ ಎಬ್ಬಿಸಿ ಕೇಳಬೇಡಿ. ಹೇಳಲೇಬೇಕಾದ್ದನ್ನು ಜಾಹೀರಾತಿನ ಪಾತ್ರದ ಮೇಲಿಟ್ಟು ಹೇಳಿ.

ಆ್ಯಪುಗಳಲ್ಲಿ ‘ಇನ್ನು 2 ಮಾತ್ರ ಉಳಿದಿವೆ’ ಅನ್ನುವ ಸುಳ್ಳು ಅವಸರ ಒಂದು ಡಾರ್ಕ್ ಪ್ಯಾಟರ್ನ್, ಅಂದರೆ ಬಳಸುವವರನ್ನು ದಾರಿ ತಪ್ಪಿಸುವ ವಿನ್ಯಾಸ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರಿನ ಮಾರ್ಗಸೂಚಿ ಇಂಥ 13 ಬಗೆಗಳನ್ನು ಹೆಸರಿಸಿದೆ. ಸುದ್ದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ ಶೀರ್ಷಿಕೆಯೂ ಇದೇ ಕೆಲಸ ಮಾಡುತ್ತದೆ. ಅವರು ಕೇಳಿದ್ದಾರೆ ಅಷ್ಟೇ, ಹೌದು ಅಂದುಕೊಂಡವರು ನಾವು.

ತರಗತಿಯಲ್ಲಿ

ಹಾಳೆಯ ಮಧ್ಯೆ ಗೆರೆ ಎಳೆಸಿ. ಎಡಕ್ಕೆ ‘ಹೇಳಿದ್ದು’, ಬಲಕ್ಕೆ ‘ನಾನು ಅಂದುಕೊಂಡಿದ್ದು’. ಮೊದಲ ಸಲ ಮಕ್ಕಳು ಎರಡೂ ಕಡೆ ಒಂದೇ ಬರೆಯಬಹುದು. ಆಗ ಜಾಹೀರಾತನ್ನು ಮತ್ತೆ ಹಾಕಿ, ಎಡಗಡೆಯ ಪ್ರತಿ ಸಾಲಿಗೂ ‘ಇದು ಎಲ್ಲಿ ಕೇಳಿಸಿತು, ತೋರಿಸು’ ಅನ್ನಿ. ತೋರಿಸಲಾಗದ ಸಾಲು ಬಲಕ್ಕೆ ಹೋಗುತ್ತದೆ. ಆಮೇಲೆ ಸದ್ದು ನಿಲ್ಲಿಸಿ ಚಿತ್ರ ಮಾತ್ರ ತೋರಿಸಿ. ಬಿಳಿ ಕೋಟು ಹಾಕಿದವರನ್ನು ಡಾಕ್ಟರ್ ಅಂತ ಯಾರೂ ಕರೆದಿರಲಿಲ್ಲ ಅನ್ನುವುದು ಆಗ ಗೊತ್ತಾಗಬಹುದು. ತಂತ್ರಗಳ ಹೆಸರು ಹೇಳಿಕೊಡುವುದು ಇದಾದ ಮೇಲೆ.

ಅಂಕ ಕೊಡುವಾಗ ತಂತ್ರದ ಹೆಸರಿಗೆ ಒಂದು ಅಂಕ ಸಾಕು. ಬಲಗಡೆಗೆ ಸರಿದ ಮಾತು ನಿಜವೋ ಅಲ್ಲವೋ ಅಂತ ತಿಳಿಯಲು ಏನನ್ನು ನೋಡಬೇಕು, ಯಾರನ್ನು ಕೇಳಬೇಕು ಅಂತ ಬರೆದವರಿಗೆ ಉಳಿದ ಅಂಕಗಳನ್ನು ಇಡಿ.